ನಸುಕಿನ ನಾಲ್ಕರ ಅಲಾರಂ: ಕನಸನ್ನೇ ಕಸುಬು ಮಾಡಿಕೊಂಡ ಕಾದಂಬರಿಗಾರ್ತಿಯ ಪ್ರಕರಣ

ಹೆಸರು ಹಿಡಿದು ಹುಡುಕಿದರೆ ಈ ಲೇಖಕಿ ಸಿಗುವುದಿಲ್ಲ. ಒಂದೇ ಬಗೆಯ ತೊಂದರೆಗೆ ಸಿಕ್ಕವರ ವಿವರಗಳನ್ನು ಒಬ್ಬರಲ್ಲಿ ಕೂಡಿಸಿ ಬರೆದ ಪ್ರಕರಣವಿದು. ವಯಸ್ಸು, ಮನೆಯಿರುವ ಜಾಗ, ಪುಸ್ತಕಗಳ ವಿವರ ಬದಲಾಗಿವೆ. ಔಷಧದ ಪ್ರಮಾಣ, ಸಂಶೋಧನೆಯ ಅಂಕಿಗಳು, ಆಸ್ಟ್ರೇಲಿಯಾದ ನಿಯಮಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ಪಕ್ಕದ ಗುಡ್ಡಗಾಡಿನಲ್ಲಿ ವಾಸ, ವಯಸ್ಸು 56. ನಾಲ್ಕು ಕಾದಂಬರಿ ಬಂದಿವೆ, ವಾರಕ್ಕೆ ಎರಡು ದಿನ ಬರವಣಿಗೆಯ ಪಾಠ ಹೇಳುತ್ತಾರೆ. ಐದನೆಯ ಕಾದಂಬರಿ ಅರ್ಧಕ್ಕೆ ಬಂದಿದ್ದಾಗಲೇ ಕನಸು ಮತ್ತು ಬದಲಾದ ಪ್ರಜ್ಞಾಸ್ಥಿತಿಗಳ ಬಗ್ಗೆ ಒಂದು ಕಾದಂಬರಿಯೇತರ ಪುಸ್ತಕಕ್ಕೂ ಕರಾರು ಮಾಡಿಕೊಂಡರು. ಎರಡಕ್ಕೂ ಸರಕು ಒಂದೇ ಕಡೆಯಿಂದ ಬರಲಿ ಎಂಬ ಲೆಕ್ಕಾಚಾರ: ರಾತ್ರಿ ಕಂಡದ್ದು ಕಾದಂಬರಿಗೆ, ಕಂಡ ಬಗೆ ಇನ್ನೊಂದು ಪುಸ್ತಕಕ್ಕೆ.

ಶುರುವಿನಲ್ಲಿ ಅವರು ಮಾಡಿದ್ದೆಲ್ಲ ಕ್ರಮವಾಗಿಯೇ ಇತ್ತು. ಹಾಸಿಗೆ ಪಕ್ಕದಲ್ಲಿ ರೂಲ್ ಹಾಕದ ನೋಟ್‌ಬುಕ್, ಪೆನ್ನು, ಮಂದ ಕೆಂಪು ದೀಪ. ಮೊಬೈಲ್ ಮುಟ್ಟುವಂತಿಲ್ಲ. ಎಚ್ಚರವಾದಾಗ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ, ಕೊನೆಯ ಚಿತ್ರವನ್ನು ಹಿಡಿದು ಅಲ್ಲಿಂದ ಹಿಂದಕ್ಕೆ ಹೋಗುವುದು. ಆಮೇಲೆ ವರ್ತಮಾನ ಕಾಲದಲ್ಲಿ ಬರೆದು, ತಾರೀಕು ಹಾಕಿ, ಒಂದು ಶೀರ್ಷಿಕೆ ಕೊಡುವುದು. ಮೈ ಅಲ್ಲಾಡಿಸಿದರೆ ಕನಸು ಕರಗುತ್ತದೆ ಎಂಬುದು ಡೈರಿ ಇಟ್ಟವರಿಗೆಲ್ಲ ಗೊತ್ತಿರುವ ಮಾತು. ಮೊದಲು ವಾರಕ್ಕೊಂದು ಕನಸು ನೆನಪಿರುತ್ತಿದ್ದವರಿಗೆ ಎರಡೇ ತಿಂಗಳಲ್ಲಿ ದಿನಕ್ಕೆರಡು ಮೂರು ಸಿಗತೊಡಗಿದವು.

ಮುಂದಿನ ಹೆಜ್ಜೆ ಲೂಸಿಡ್ ಡ್ರೀಮ್, ಅಂದರೆ ಕನಸಿನೊಳಗಿದ್ದೇ 'ಇದು ಕನಸು' ಎಂಬ ಅರಿವಿರುವ ಸ್ಥಿತಿ. ಇದೇನೂ ಕಟ್ಟುಕತೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ, ಮಲಗಿದ್ದ ವ್ಯಕ್ತಿ ಮೊದಲೇ ಮಾತಾಡಿಕೊಂಡಿದ್ದಂತೆ ಕನಸಿನೊಳಗಿಂದ ಕಣ್ಣುಗುಡ್ಡೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಕೊಟ್ಟ ಸಂಕೇತವನ್ನು ಯಂತ್ರದಲ್ಲಿ ದಾಖಲಿಸಿದ. ಕೆಲ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಬರ್ಜ್ ಇದನ್ನು ಸ್ವತಂತ್ರವಾಗಿ ತೋರಿಸಿಕೊಟ್ಟು, ಇಂಥ ಕನಸು ತರಿಸಿಕೊಳ್ಳಲು 'ಮೈಲ್ಡ್' ಎಂಬ ವಿಧಾನವನ್ನೂ ಕಟ್ಟಿದ.

ಲೇಖಕಿ ಹಿಡಿದದ್ದು ಅದನ್ನೇ. ಐದು ಗಂಟೆ ನಿದ್ದೆಯಾದ ಮೇಲೆ ಅಲಾರಂ. ಎದ್ದು, ಆಗಷ್ಟೇ ಕಂಡ ಕನಸನ್ನು ನೆನೆದು, ಅದರಲ್ಲಿನ ಅಸಂಗತವಾದ ಒಂದು ಗುರುತನ್ನು ಆರಿಸಿಕೊಳ್ಳುವುದು. 'ಮುಂದಿನ ಸಲ ಕನಸು ಬಿದ್ದಾಗ ಇದು ಕನಸೆಂದು ನನಗೆ ನೆನಪಾಗುತ್ತದೆ' ಎಂದು ಮನಸ್ಸಿಟ್ಟು ಹೇಳಿಕೊಳ್ಳುತ್ತ, ಅದೇ ಕನಸಿಗೆ ಮರಳಿ ಆ ಗುರುತನ್ನು ಪತ್ತೆ ಹಚ್ಚಿದಂತೆ ಕಲ್ಪಿಸಿಕೊಳ್ಳುವುದು, ಹಾಗೆಯೇ ನಿದ್ದೆಗೆ ಜಾರುವುದು. ಐದು ಗಂಟೆಯ ಲೆಕ್ಕಕ್ಕೆ ಕಾರಣವಿದೆ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಕನಸು ದಟ್ಟವಾಗಿರುವ ರೆಮ್ ಹಂತ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ ಇದ್ದು, ಬೆಳಗಾಗುತ್ತ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ಕಡೆಯ ನಂಬಿಕೆಯ ಹಿಂದೆ ಇದೂ ಇರಬಹುದು. ಆ ಹೊತ್ತಿನ ಕನಸೇ ಉದ್ದ, ನೆನಪಲ್ಲಿ ಉಳಿಯುವುದೂ ಅದೇ.

ತೊಂದರೆ ಬೆಳೆದ ಬಗೆ

ಈ ವಿಧಾನವನ್ನು ಅವರದೇ ಊರಿನ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹೋಮ್ ಆಸ್ಪಿ ಪರೀಕ್ಷಿಸಿದ್ದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಗಲಿನ ವಾಸ್ತವ ಪರೀಕ್ಷೆ ('ಇದು ಕನಸೇ?' ಎಂದು ಆಗಾಗ ಪರೀಕ್ಷಿಸಿಕೊಳ್ಳುವುದು), ನಡುರಾತ್ರಿ ಏಳುವುದು, ಮೈಲ್ಡ್ ಈ ಮೂರನ್ನೂ ಒಟ್ಟಿಗೆ ಮಾಡಿದ ಗುಂಪಿಗೆ ಒಂದು ವಾರದಲ್ಲಿ ಸಿಕ್ಕ ಯಶಸ್ಸು 17%. ಮೈಲ್ಡ್ ಮುಗಿಸಿದ ಐದು ನಿಮಿಷದೊಳಗೆ ನಿದ್ದೆ ಹೋದವರಲ್ಲಿ ಇದು ಸುಮಾರು 46%ಕ್ಕೆ ಏರಿತ್ತು. ಲೇಖಕಿ ಈ ಎರಡನೆಯ ಅಂಕಿಯನ್ನು ಓದಿದ್ದರು, ಪುಸ್ತಕದ ಕರಡಿನಲ್ಲಿ ಬರೆದೂ ಇದ್ದರು. ತಮ್ಮ ರಾತ್ರಿಗೆ ಮಾತ್ರ ಅನ್ವಯಿಸಿಕೊಂಡಿರಲಿಲ್ಲ.

ಅವರ ರಾತ್ರಿ ಹೀಗಿತ್ತು. 11ಕ್ಕೆ ಹಾಸಿಗೆ, ನಸುಕಿನ 4ಕ್ಕೆ ಅಲಾರಂ. ಎದ್ದವರು ಕನಸಿನ ಟಿಪ್ಪಣಿಗೆ ಕೂರುತ್ತಿದ್ದರು. ಟಿಪ್ಪಣಿ ಎರಡು ಸಾಲಲ್ಲಿ ನಿಲ್ಲುತ್ತಿರಲಿಲ್ಲ, ಕಾದಂಬರಿಗಾರ್ತಿಯ ಕೈ ತಾನೇ. ಸಂಭಾಷಣೆ ಬರುತ್ತಿತ್ತು, ಪಾತ್ರ ಬೆಳೆಯುತ್ತಿತ್ತು. ಕೆಂಪು ದೀಪ ಸಾಲದೆ ಮೇಜಿನ ದೀಪವೂ ಬಂತು. ನಲವತ್ತು ನಿಮಿಷ ಬರೆದು ಮಲಗಿದರೆ ಮತ್ತೆ ನಿದ್ದೆ ಹತ್ತುವಾಗ 5.20. ಬೆಳಗ್ಗೆ 6.15ಕ್ಕೆ ಏಳಲೇಬೇಕು. ಐದು ನಿಮಿಷದಲ್ಲಿ ನಿದ್ದೆ ಹೋದವರಿಗೆ ಫಲ ಕೊಟ್ಟ ವಿಧಾನವನ್ನು ಒಂದು ಗಂಟೆಗೂ ಮೀರಿದ ಎಚ್ಚರದ ಮೇಲೆ ಹೇರಿದಂತಾಯಿತು. ಅರಿವಿನ ಕನಸು ಸಿಕ್ಕಿದ್ದು ತಿಂಗಳಿಗೆ ಒಂದೋ ಎರಡೋ. ಸಿಗದಿದ್ದಾಗ ಅವರು ಪ್ರಯತ್ನ ಹೆಚ್ಚಿಸಿದರು. ವಾರಕ್ಕೆ ಮೂರು ದಿನ ಇದ್ದದ್ದು ಏಳೂ ದಿನವಾಯಿತು.

ಆರು ತಿಂಗಳು ಕಳೆಯುವಷ್ಟರಲ್ಲಿ ನಾಲ್ಕು ಸಂಗತಿ ಒಟ್ಟಾಗಿದ್ದವು. ಅಲಾರಂ ಇಡದ ದಿನವೂ 3.50ಕ್ಕೆ ಎಚ್ಚರ. ವಾರಕ್ಕೆ ಎರಡು ಮೂರು ಸಲ ಸ್ಲೀಪ್ ಪ್ಯಾರಾಲಿಸಿಸ್, ಎಂದರೆ ಕಣ್ಣು ತೆರೆದಿದೆ, ಮೈ ಕದಲದು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಹಳ್ಳಿಯ ಕಡೆ ಎದೆ ಮೇಲೆ ದೆವ್ವ ಕೂತಿತು ಎನ್ನುವುದು ಇದನ್ನೇ. ಮೂರನೆಯದು ಮತ್ತೆ ಮತ್ತೆ ಬೀಳುವ ಒಂದು ದುಃಸ್ವಪ್ನ: ಮನೆಯೊಳಗೆ ನೀರು ಏರುತ್ತಿದೆ, ಬಾಗಿಲ ಚಿಲಕ ಸಿಗುತ್ತಿಲ್ಲ. ನಾಲ್ಕನೆಯದನ್ನು ಅವರು ಬಹಳ ದಿನ ಯಾರಿಗೂ ಹೇಳಲಿಲ್ಲ. ಪ್ರಕಾಶನದ ಸಂಪಾದಕಿಗೆ ಒಂದು ಮೇಲ್ ಕಳಿಸಿದ್ದರು: 'ಮೊನ್ನೆ ಫೋನಿನಲ್ಲಿ ಒಪ್ಪಿದಂತೆ ಒಂಬತ್ತನೇ ಅಧ್ಯಾಯ ತೆಗೆದಿದ್ದೇನೆ.' ಸಂಪಾದಕಿ ಫೋನ್ ಮಾಡಿಯೇ ಇರಲಿಲ್ಲ.

ಹಸ್ತಪ್ರತಿಯೂ ಕೆಟ್ಟಿತ್ತು. ಕಾದಂಬರಿಯಲ್ಲಿ 31 ಕನಸಿನ ದೃಶ್ಯಗಳಿದ್ದವು. ಓದಿದ ಸಂಪಾದಕಿಯ ಆಕ್ಷೇಪ ಚುರುಕಾಗಿತ್ತು: ಇವುಗಳಲ್ಲಿ ಒಂದರಿಂದಲೂ ಮುಂದಿನ ಅಧ್ಯಾಯದಲ್ಲಿ ಏನೂ ಬದಲಾಗುತ್ತಿಲ್ಲ.

ಮೊದಲು ಮಾಡಿ ನೋಡಿದ್ದು, ಕೈ ಕೊಟ್ಟದ್ದು

ಸ್ವಂತ ವೈದ್ಯದಲ್ಲಿ ಮೊದಲು ಬಂದದ್ದು ನಿದ್ದೆ ಹತ್ತಿಸುವ ಮೆಲಟೋನಿನ್. ಆಸ್ಟ್ರೇಲಿಯಾದಲ್ಲಿ 2021ರ ಜೂನ್‌ನಿಂದ 55 ತುಂಬಿದವರಿಗೆ ನಿಧಾನವಾಗಿ ಬಿಡುಗಡೆಯಾಗುವ 2 ಮಿ.ಗ್ರಾಂ ಮಾತ್ರೆ, ವೈದ್ಯರ ಚೀಟಿಯಿಲ್ಲದೆ ಫಾರ್ಮಸಿಸ್ಟ್ ಬಳಿ ಸಿಗುತ್ತದೆ. ಪ್ರಯೋಜನವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅವರಿಗೆ ರಾತ್ರಿ 11ಕ್ಕೆ ನಿದ್ದೆ ಹತ್ತುವುದು ಎಂದೂ ಕಷ್ಟವಾಗಿರಲಿಲ್ಲ. ನಡುರಾತ್ರಿಯ ಎಚ್ಚರವನ್ನು ಅವರೇ ದಿನಾ ಅಲಾರಂ ಇಟ್ಟು ಮೈಗೆ ಕಲಿಸಿದ್ದರು.

ಮತ್ತೆ ನಿದ್ದೆ ಹತ್ತಲಿ ಎಂದು ಸಂಜೆ ಎರಡು ಗ್ಲಾಸ್ ವೈನ್ ಶುರುವಾಯಿತು. ಮದ್ಯ ರಾತ್ರಿಯ ಮೊದಲರ್ಧದಲ್ಲಿ ರೆಮ್ ಅನ್ನು ಅದುಮುತ್ತದೆ. ಅಮಲು ಇಳಿದ ಮೇಲೆ ಅದು ದುಪ್ಪಟ್ಟು ಜೋರಾಗಿ ಏಳುತ್ತದೆ, ನಿದ್ದೆ ಚೂರುಚೂರಾಗುತ್ತದೆ. ಕನಸುಗಳು ಇನ್ನಷ್ಟು ಗಾಢವಾದವು, ಲೇಖಕಿ ಅದನ್ನು ಸಾಧನೆ ಎಂದು ಡೈರಿಯಲ್ಲಿ ಬರೆದುಕೊಂಡರು.

ಅಪಾಯಕ್ಕೆ ಎಳೆದದ್ದು ಗ್ಯಾಲಂಟಮಿನ್. ಅಲ್‌ಝೈಮರ್ ಕಾಯಿಲೆಗೆ ಕೊಡುವ ಈ ಔಷಧದ ಮೇಲೆ ಲಬರ್ಜ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. 121 ಜನರಲ್ಲಿ ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡ ರಾತ್ರಿ 14% ಮಂದಿಗೆ, 4 ಮಿ.ಗ್ರಾಂ ತೆಗೆದುಕೊಂಡಾಗ 27% ಮಂದಿಗೆ, 8 ಮಿ.ಗ್ರಾಂಗೆ 42% ಮಂದಿಗೆ ಅರಿವಿನ ಕನಸು ಬಿತ್ತು. ಅಂಕಿ ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ಚೀಟಿಯ ಮೇಲೆ ಮಾತ್ರ ಸಿಗುವ ಔಷಧ. ಅಮೆರಿಕದಲ್ಲಿ ಪೂರಕ ಆಹಾರದ ಹೆಸರಲ್ಲಿ ಮಾರುತ್ತಾರೆ. ಲೇಖಕಿ ಅಲ್ಲಿಂದ ತರಿಸಿಕೊಂಡರು.

ಅವರು ಮೈಗ್ರೇನ್‌ಗೆಂದು ವರ್ಷಗಳಿಂದ ಪ್ರೊಪ್ರನಲಾಲ್ ತೆಗೆದುಕೊಳ್ಳುತ್ತಿದ್ದರು. ಅದು ಬೀಟಾ ಬ್ಲಾಕರ್, ಹೃದಯ ಬಡಿತ ಇಳಿಸುತ್ತದೆ. ಗ್ಯಾಲಂಟಮಿನ್ ಕೂಡ ಬಡಿತ ಇಳಿಸುವಂಥದ್ದೇ. ಎರಡೂ ಕೂಡಿದರೆ ನಾಡಿ ತೀರಾ ನಿಧಾನವಾಗಿ ಪ್ರಜ್ಞೆ ತಪ್ಪಬಹುದು. ಸಾಲದ್ದಕ್ಕೆ ಗ್ಯಾಲಂಟಮಿನ್‌ನ ಅರ್ಧಾಯುಷ್ಯ ಸುಮಾರು ಏಳು ಗಂಟೆ: ನಸುಕಿನ ನಾಲ್ಕಕ್ಕೆ ನುಂಗಿದ್ದರಲ್ಲಿ ಅರ್ಧ, ಬೆಳಗ್ಗೆ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. 4 ಮಿ.ಗ್ರಾಂ ತೆಗೆದುಕೊಂಡ ಮೂರನೇ ರಾತ್ರಿ ವಾಕರಿಕೆ ಬಂದು ಎದ್ದವರು ಬಚ್ಚಲಮನೆಯಲ್ಲಿ ಕುಸಿದರು. ಗಲ್ಲಕ್ಕೆ ಮೂರು ಹೊಲಿಗೆ. ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಹೋಗುವಂತೆ ಮಾಡಿದ್ದು ಕನಸಲ್ಲ, ಆ ಹೊಲಿಗೆ.

ತಿರುವು: ಜಿಪಿಯ ಕೊಠಡಿಯಲ್ಲಿ

ಇಸಿಜಿ ಆಯಿತು, ಥೈರಾಯ್ಡ್ ಮತ್ತು ಕಬ್ಬಿಣದ ಅಂಶದ ರಕ್ತ ಪರೀಕ್ಷೆ ಆಯಿತು. ಗ್ಯಾಲಂಟಮಿನ್ ಅಂದೇ ನಿಂತಿತು. ಪ್ರೊಪ್ರನಲಾಲ್ ಅನ್ನು ಹಾಗೆ ಒಮ್ಮೆಲೇ ನಿಲ್ಲಿಸುವಂತಿಲ್ಲ, ಬಡಿತವೂ ರಕ್ತದೊತ್ತಡವೂ ಏಕಾಏಕಿ ಏರಬಹುದು. ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ಮೈಗ್ರೇನ್‌ಗೆ ಬೇರೆ ಔಷಧ ಕೊಟ್ಟರು. ಇದಕ್ಕೆ ಇನ್ನೂ ಒಂದು ಕಾರಣವಿತ್ತು: ಈ ಔಷಧ ಮಿದುಳಿಗೆ ಸುಲಭವಾಗಿ ಇಳಿದು ಕೆಲವರಲ್ಲಿ ಗಾಢ ಕನಸು, ದುಃಸ್ವಪ್ನ ತರಿಸುತ್ತದೆ. ಕನಸಿನ ತೊಂದರೆ ಹೇಳಿಕೊಂಡು ಬಂದವರ ಮಾತ್ರೆಪಟ್ಟಿಯನ್ನು ಮೊದಲು ನೋಡಬೇಕಾದ್ದು ಇದಕ್ಕೇ. ಬೀಟಾ ಬ್ಲಾಕರ್, ಖಿನ್ನತೆಯ ಮಾತ್ರೆ, ಧೂಮಪಾನ ಬಿಡಿಸುವ ಕೆಲವು ಔಷಧ, ರಾತ್ರಿ ಮೈಯಿಂದ ತೆಗೆಯದ ನಿಕೋಟಿನ್ ಪ್ಯಾಚ್, ಇವೆಲ್ಲ ಕನಸು ಕೆದಕುತ್ತವೆ.

ಮಾಡದ ಫೋನ್ ಕರೆಯ ವಿಷಯ ಜಿಪಿಯ ಗಮನ ಸೆಳೆಯಿತು. ಕನಸು ಯಾವುದು ನಡೆದದ್ದು ಯಾವುದು ಎಂಬ ಗೊಂದಲ ನಾರ್ಕೊಲೆಪ್ಸಿ ಎಂಬ ನಿದ್ರಾರೋಗದಲ್ಲಿ ಬಹಳ ಸಾಮಾನ್ಯ; ಸ್ಲೀಪ್ ಪ್ಯಾರಾಲಿಸಿಸ್ ಕೂಡ ಅಲ್ಲಿ ಹಲವರಲ್ಲಿ ಜೊತೆಗಿರುತ್ತದೆ. ಆದರೆ ನಕ್ಕಾಗ ಮಂಡಿ ಸಡಿಲವಾಗುವುದು, ಹಗಲಲ್ಲಿ ತಡೆಯಲಾರದ ನಿದ್ದೆಯ ದಾಳಿ ಇವರಿಗೆ ಇರಲಿಲ್ಲ, ಹಿಂದೆಂದೂ ಇಂಥದ್ದು ಆಗಿರಲಿಲ್ಲ. ಗೊರಕೆ, ಉಸಿರುಕಟ್ಟುವಿಕೆ ಬಗ್ಗೆಯೂ ಕೇಳಿ ಬದಿಗಿಟ್ಟರು. ಹಗಲಿನ ತೂಕಡಿಕೆ ಅಳೆಯಲು ಎಪ್‌ವರ್ತ್ ಮಾಪಕ ಬಳಸಿದರು. ಲೋಕವೆಲ್ಲ ಬಳಸುವ ಈ ಎಂಟು ಪ್ರಶ್ನೆಗಳ ಪಟ್ಟಿ ಹುಟ್ಟಿದ್ದು ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯಲ್ಲಿ. ಮರ್ರಿ ಜಾನ್ಸ್ ಅದನ್ನು ಪ್ರಕಟಿಸಿದ್ದು 1991ರಲ್ಲಿ. ಒಟ್ಟು 24 ಅಂಕ, 10 ದಾಟಿದರೆ ಅತಿ ತೂಕಡಿಕೆ. ಲೇಖಕಿಗೆ ಬಂದದ್ದು 14. ನಿದ್ರಾ ಪ್ರಯೋಗಾಲಯಕ್ಕೆ ಕಳಿಸುವ ಮೊದಲು ಎರಡು ವಾರದ ನಿದ್ರಾ ಡೈರಿ ಬರೆಸೋಣ ಎಂದು ಜಿಪಿ ತೀರ್ಮಾನಿಸಿದರು. ಪ್ರಕರಣದ ದಿಕ್ಕು ಬದಲಾದದ್ದು ಈ ಸಣ್ಣ ತೀರ್ಮಾನದಿಂದ.

ಕನಸಿನ ಡೈರಿಯಲ್ಲಿ ಸಾವಿರ ಪುಟ ತುಂಬಿಸಿದ್ದ ಲೇಖಕಿ ನಿದ್ದೆಯ ಡೈರಿ ಒಂದು ಪುಟವೂ ಬರೆದಿರಲಿಲ್ಲ. ಎರಡು ವಾರದ ಲೆಕ್ಕ ಮೇಜಿನ ಮೇಲೆ ಬಂದಾಗ ಕಂಡದ್ದು: ಹಾಸಿಗೆಯಲ್ಲಿ 7 ಗಂಟೆ 15 ನಿಮಿಷ, ನಿದ್ದೆ ಸರಾಸರಿ 5 ಗಂಟೆ 20 ನಿಮಿಷ. ಅಂದರೆ 74%. ಕಳೆದುಹೋದದ್ದರಲ್ಲಿ ಹೆಚ್ಚಿನ ಪಾಲು ನಾಲ್ಕರಿಂದ ಆರರ ನಡುವಿನದು, ರೆಮ್ ದಟ್ಟವಾಗಿರಬೇಕಾದ ಹೊತ್ತಿನದು. ಕನಸು ಬೇಟೆಯಾಡಲು ಹೊರಟವರು ಕನಸಿನ ಹೊತ್ತನ್ನೇ ದೀಪದಡಿ ಕಳೆಯುತ್ತಿದ್ದರು. ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅಲಾರಂ ನಿಂತ ಎಂಟು ವಾರ

ಜಿಪಿ ಮಾನಸಿಕ ಆರೋಗ್ಯ ಚಿಕಿತ್ಸಾ ಯೋಜನೆ ಬರೆದುಕೊಟ್ಟರು. ಅದರಡಿ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ವರ್ಷಕ್ಕೆ ಹತ್ತು ಭೇಟಿಯವರೆಗೆ ಮನಶ್ಶಾಸ್ತ್ರಜ್ಞರ ಶುಲ್ಕದಲ್ಲಿ ಒಂದು ಪಾಲು ಮರಳಿಸುತ್ತದೆ. ಚಿಕಿತ್ಸೆ ನಿದ್ರಾಹೀನತೆಗೆ ಮೊದಲ ಆಯ್ಕೆಯಾದ ಸಿಬಿಟಿ-ಐ, ಅಂದರೆ ಮಾತ್ರೆಯಿಲ್ಲದೆ ನಿದ್ದೆಯ ಸುತ್ತಲಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಕ್ರಮ. ಇಲ್ಲಿ ನೇರ ಘರ್ಷಣೆ ಎದುರಾಯಿತು. ಸಿಬಿಟಿ-ಐ ಹಾಸಿಗೆಗೂ ಎಚ್ಚರಕ್ಕೂ ಇರುವ ನಂಟನ್ನು ಕಡಿಯಲು ಹೇಳುತ್ತದೆ. ಕನಸಿನ ಸಾಧನೆ ಹಾಸಿಗೆಯಲ್ಲೇ ಎಚ್ಚರವನ್ನು ಬೆಳೆಸಲು ಹೇಳುತ್ತದೆ. ಎರಡನ್ನೂ ಒಂದೇ ತಿಂಗಳಲ್ಲಿ ಮಾಡಲಾಗದು. ಲೇಖಕಿ ಒಪ್ಪಂದದ ಗಡುವು ತೋರಿಸಿ ವಾದಿಸಿದರು. ಕೊನೆಗೆ ಆದ ಹೊಂದಾಣಿಕೆ: ಎಂಟು ವಾರ ಅಲಾರಂ ಇಲ್ಲ, ನಡುರಾತ್ರಿ ಬರವಣಿಗೆ ಇಲ್ಲ, ಬೆಳಗ್ಗೆ ತಾನಾಗಿ ನೆನಪಿದ್ದ ಕನಸು ಮೂರು ಸಾಲು ಮೀರದಂತೆ, ಅಡುಗೆಮನೆಯಲ್ಲಿ ಕೂತು ಬರೆಯಬಹುದು. ಪೂರ್ತಿ ನಿಷೇಧ ಹೇರಿದ್ದರೆ ಅವರು ಎರಡನೇ ವಾರಕ್ಕೇ ಬಿಟ್ಟು ಹೋಗುತ್ತಿದ್ದರು ಎಂಬುದು ನಮ್ಮ ಅನಿಸಿಕೆ.

ಕ್ರಮ ಹೀಗೆ. ನಿದ್ದೆ ಸರಾಸರಿ 5 ಗಂಟೆ 20 ನಿಮಿಷ ಇದ್ದುದರಿಂದ ಹಾಸಿಗೆಯ ಅವಧಿ ಐದೂವರೆ ಗಂಟೆ: ರಾತ್ರಿ 12.45ರಿಂದ ಬೆಳಗ್ಗೆ 6.15. ಏಳುವ ಹೊತ್ತು ಭಾನುವಾರವೂ ಅದೇ. ನಡುವೆ ಎಚ್ಚರವಾಗಿ ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ ಮಂದ ಬೆಳಕಿನಲ್ಲಿ ಕೂರಬೇಕು, ಗಡಿಯಾರ ನೋಡಬಾರದು, ಪೆನ್ನು ಹಿಡಿಯಬಾರದು. ವಾರದ ಲೆಕ್ಕದಲ್ಲಿ ನಿದ್ದೆಯ ಪ್ರಮಾಣ 85% ದಾಟಿದರೆ ಹದಿನೈದು ನಿಮಿಷ ಸೇರಿಸುವುದು, ದಾಟದಿದ್ದರೆ ಅಷ್ಟಕ್ಕೇ ನಿಲ್ಲಿಸುವುದು. ಮೊದಲ ವಾರಗಳಲ್ಲಿ ತೂಕಡಿಕೆ ಹೆಚ್ಚುವುದು ಖಚಿತವಾದ್ದರಿಂದ ಗುಡ್ಡದಿಂದ ಊರಿಗಿಳಿಯುವ ಹೆದ್ದಾರಿಯಲ್ಲಿ ಕಾರು ಓಡಿಸದೆ ಬಸ್ಸಿನಲ್ಲೇ ಪಾಠಕ್ಕೆ ಹೋಗಲು ಒಪ್ಪಿಸಿದರು. ವೈನ್ ಊಟದ ಜೊತೆ ಒಂದು ಗ್ಲಾಸ್, ವಾರಕ್ಕೆ ಎರಡು ದಿನ.

ಸಲೀಸಾಗಿ ನಡೆಯಲಿಲ್ಲ. ಎರಡನೇ ವಾರ ಮಧ್ಯಾಹ್ನ ಸೋಫಾದ ಮೇಲೆ ಒಂದೂವರೆ ಗಂಟೆ ನಿದ್ದೆ ಹೋಗಿ ಆ ರಾತ್ರಿ ಕೆಟ್ಟಿತು. ಅಕ್ಟೋಬರ್ ಮೊದಲ ಭಾನುವಾರ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಚಿಕಿತ್ಸೆಯ ನಟ್ಟನಡುವೆ ಬಂದ ಈ ಬದಲಾವಣೆಯನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಹೊಸ ಗಡಿಯಾರದ 6.15 ಎಂದರೆ ಮೈಗೆ ಇನ್ನೂ 5.15. ಒಂದು ವಾರ ಮೈಯ ಹೊತ್ತನ್ನೇ ಹಿಡಿದು 7.15ಕ್ಕೆ ಏಳುವಂತೆ ಮಾಡಿ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತಂದರು. ಎದ್ದ ತಕ್ಷಣ ಅಂಗಳದ ಬೆಳಕಿನಲ್ಲಿ ಅರ್ಧ ಗಂಟೆ ಇರುವುದು ಇದಕ್ಕೆ ನೆರವಾಯಿತು. ಎಂಟು ವಾರ ಮುಗಿದಾಗ ಹಾಸಿಗೆಯ ಅವಧಿ 7 ಗಂಟೆ, ನಿದ್ದೆ 6 ಗಂಟೆ 25 ನಿಮಿಷ, ಪ್ರಮಾಣ 92%.

ಸ್ಲೀಪ್ ಪ್ಯಾರಾಲಿಸಿಸ್‌ಗೆ ಬೇರೆ ಮದ್ದು ಬೇಕಾಗಲಿಲ್ಲ. ರೆಮ್‌ನಲ್ಲಿ ಕನಸಿನಂತೆ ನಾವು ಎದ್ದು ಓಡದಿರಲೆಂದು ಸ್ನಾಯುಗಳು ಸಡಿಲವಾಗಿರುತ್ತವೆ. ಆ ಸಡಿಲಿಕೆ ಹೋಗುವ ಮೊದಲೇ ಎಚ್ಚರ ಬಂದರೆ ಮೈ ಕದಲದು, ಕನಸಿನ ಚೂರು ಕೋಣೆಯೊಳಗೆ ಬೆರೆತು ಬಾಗಿಲಲ್ಲಿ ಆಕೃತಿಯಾಗುತ್ತದೆ. ಒಡೆದ ನಿದ್ದೆ ಮತ್ತು ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಮಗ್ಗುಲಾಗಿ ಮಲಗಲು, ಬಂದಾಗ ಒದ್ದಾಡದೆ ಉಸಿರಿನ ಮೇಲೆ ಗಮನವಿಟ್ಟು ಕಾಲ್ಬೆರಳನ್ನಷ್ಟೇ ಅಲ್ಲಾಡಿಸಲು ಕಲಿಸಿದರು. ನಿದ್ದೆ ಕೂಡಿಬಂದಂತೆ ತಿಂಗಳಿಗೊಂದಕ್ಕೆ ಇಳಿಯಿತು.

ದುಃಸ್ವಪ್ನವನ್ನು ತಿದ್ದಲು ಕೊಟ್ಟರೆ ಕಾದಂಬರಿಗಾರ್ತಿ ಮಾಡಿದ್ದು

ಮನೆಯೊಳಗೆ ನೀರೇರುವ ಕನಸಿಗೆ ಇಮೇಜರಿ ರಿಹರ್ಸಲ್ ಬಳಸಿದರು. ವಿಧಾನ ಸರಳ: ಹಗಲಲ್ಲಿ ದುಃಸ್ವಪ್ನವನ್ನು ಬರೆದು, ಅದನ್ನು ಹೇಗೆ ಬೇಕೋ ಹಾಗೆ ಬದಲಿಸಿ, ಬದಲಾದ ರೂಪವನ್ನು ದಿನಾ ಹತ್ತರಿಂದ ಇಪ್ಪತ್ತು ನಿಮಿಷ ಮನಸ್ಸಿನಲ್ಲಿ ಓಡಿಸುವುದು. ಸಾಮಾನ್ಯವಾಗಿ ಜನ ಅರ್ಧ ಪುಟ ಬರೆಯುತ್ತಾರೆ. ಲೇಖಕಿ ತಂದದ್ದು ಆರು ಪುಟ. ನೀರು ಇಳಿಯುವ ಬದಲು ಛಾವಣಿ ಮುಟ್ಟಿತ್ತು, ಅಟ್ಟದಲ್ಲಿ ಸತ್ತ ತಂದೆಯ ದನಿ ಕೇಳಿತ್ತು, ಕೊನೆ ಅನಿಶ್ಚಿತವಾಗಿ ನಿಂತಿತ್ತು. ಬರವಣಿಗೆಯಾಗಿ ಸೊಗಸು. ಮೂರು ರಾತ್ರಿಯಲ್ಲಿ ದುಃಸ್ವಪ್ನ ಇನ್ನೂ ಬಲವಾಯಿತು.

ಕಥೆ ಕಟ್ಟುವವರ ಜೊತೆ ಈ ವಿಧಾನ ಎಡವುವುದು ಇಲ್ಲಿಯೇ. ಸಂಘರ್ಷವಿಲ್ಲದ ದೃಶ್ಯ ಬರೆಯಲು ಅವರ ಕೈ ಒಪ್ಪುವುದಿಲ್ಲ. ಎರಡನೆಯ ಸಲ ನಿಯಮ ಬಿಗಿಯಾಯಿತು: ಹತ್ತು ಸಾಲು, ಹೊಸ ಪಾತ್ರವಿಲ್ಲ, ಪ್ರಶ್ನೆಯಾಗಿ ನಿಲ್ಲುವ ಕೊನೆಯಿಲ್ಲ, ಓದಿದವರಿಗೆ ಬೇಸರ ಬರಬೇಕು. ಬಂದದ್ದು: ನೀರು ಹಿಮ್ಮಡಿಯವರೆಗೆ ಬರುತ್ತದೆ, ಬಾಗಿಲು ತೆರೆದೇ ಇದೆ, ಆಕೆ ಪೊರಕೆ ತಂದು ನೀರನ್ನು ಅಂಗಳಕ್ಕೆ ತಳ್ಳುತ್ತಾಳೆ, ಚಪ್ಪಲಿಯನ್ನು ಬಿಸಿಲಿಗೆ ಇಡುತ್ತಾಳೆ. ಮೂರು ವಾರ ಅಭ್ಯಾಸ. ಕನಸು ಎರಡು ಸಲ ಬಂತು, ಎರಡನೆಯ ಸಲ ಚಿಲಕ ಕೈಗೆ ಸಿಕ್ಕಿತು. ಆಮೇಲೆ ಬರಲಿಲ್ಲ.

ಕನಸು ಮತ್ತು ಹಸ್ತಪ್ರತಿಯ ನಡುವೆ ಗೋಡೆ

ಒಂಬತ್ತನೇ ವಾರದಿಂದ ಅರಿವಿನ ಕನಸಿನ ಸಾಧನೆ ಮತ್ತೆ ಶುರುವಾಯಿತು. ಶುಕ್ರವಾರ ರಾತ್ರಿ ಮಾತ್ರ. ಐದು ಗಂಟೆ ನಿದ್ದೆಗೆ ಮೊದಲು ಅಲಾರಂ ಇಲ್ಲ, ಹಾಸಿಗೆಯಿಂದ ಹೊರಗೆ ಹತ್ತು ನಿಮಿಷ, ಬರೆಯುವುದು ಐದೇ ಪದ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಅವತ್ತಿನ ಆಟ ಮುಗಿಯಿತು, ಸಾಮಾನ್ಯವಾಗಿ ಮಲಗುವುದು. ಹನ್ನೆರಡು ಪ್ರಯತ್ನದಲ್ಲಿ ಮೂರು ಫಲಿಸಿದವು. ಹಿಂದೆ ದಿನಾ ಒದ್ದಾಡಿ ತಿಂಗಳಿಗೆ ಎರಡು ಸಿಗುತ್ತಿದ್ದುದಕ್ಕೆ ಹೋಲಿಸಿದರೆ ದುಡಿಮೆಗೆ ತಕ್ಕ ಕೂಲಿ.

ಕಾದಂಬರಿಗೆ ಸಂಪಾದಕಿ ಹಾಕಿದ ನಿಯಮ ಬೇರೆಯದು. ಕನಸಿನ ನೋಟ್‌ಬುಕ್ ಬರೆಯುವ ಕೋಣೆಗೆ ಬರಬಾರದು. ಕನಸು ಕಂಡು ಒಂದು ತಿಂಗಳಾಗುವ ತನಕ ಅದನ್ನು ಹಸ್ತಪ್ರತಿಯಲ್ಲಿ ಮುಟ್ಟಬಾರದು. ತಿಂಗಳಾದ ಮೇಲೂ ನೋಟ್‌ಬುಕ್ ತೆರೆಯದೆ ನೆನಪಿನಿಂದಲೇ ಬರೆಯಬೇಕು. ಉಳಿದದ್ದು ಮಾತ್ರ ಬಳಕೆಗೆ. ಮೊದಲೇ ಇದ್ದ 31 ದೃಶ್ಯಗಳಿಗೆ ಒಂದೇ ಪರೀಕ್ಷೆ: ತೆಗೆದುಹಾಕಿ ಮುಂದಿನ ಅಧ್ಯಾಯ ಓದಿ, ಏನಾದರೂ ಕುಸಿದರೆ ಮರಳಿ ಸೇರಿಸಿ. ಉಳಿದವು ನಾಲ್ಕು.

ತೆಗೆದ ಒಂದು ದೃಶ್ಯದ ಗತಿಯನ್ನು ಹತ್ತಿರದಿಂದ ನೋಡಬಹುದು. ನಾಯಕಿ ಅಡುಗೆಮನೆಯ ನಲ್ಲಿ ತಿರುಗಿಸುತ್ತಾಳೆ, ನೀರಿನ ಬದಲು ಉಪ್ಪು ಸುರಿಯುತ್ತದೆ. ಲೇಖಕಿ ಕಂಡ ಕನಸೇ ಅದು, ಎರಡು ಪುಟ ಇತ್ತು. ತಿಂಗಳ ನಂತರ ನೆನಪಿನಿಂದ ಬರೆದಾಗ ಉಪ್ಪು ಉಳಿಯಿತು, ಕನಸು ಉಳಿಯಲಿಲ್ಲ. ಕಥೆ ನಡೆಯುವುದು ಮರ್ರಿ ನದಿಯಾಚೆಯ ಮ್ಯಾಲಿ ಬಯಲಿನ ಒಂದು ಹೊಲಮನೆಯಲ್ಲಿ. ಆಳ ಬೇರಿನ ಮರಗಳನ್ನು ಕಡಿದು ಗೋಧಿ ಬಿತ್ತಿದ ಮೇಲೆ ಅಂತರ್ಜಲ ಮೇಲೇರಿ ಮಣ್ಣಿನೊಳಗಿನ ಉಪ್ಪನ್ನು ತರುವುದು ದಕ್ಷಿಣ ಆಸ್ಟ್ರೇಲಿಯಾದ ಹಳೆಯ ಗೋಳು. ಹಾಗಾಗಿ ನಾಯಕಿ ಎಚ್ಚರದಲ್ಲೇ ನಲ್ಲಿ ತಿರುಗಿಸುತ್ತಾಳೆ. ಬೋರ್‌ವೆಲ್ ನೀರು ಸಪ್ಪಗಿದ್ದದ್ದು ಈಗ ಉಪ್ಪು. ಚಹಾ ಚೆಲ್ಲಿ ಗಂಡನಿಗೆ ಹೇಳದೆ ಮಳೆನೀರಿನ ತೊಟ್ಟಿಯಿಂದ ಮತ್ತೆ ಕೆಟಲ್ ತುಂಬುತ್ತಾಳೆ. ಹತ್ತು ಸಾಲು. ಮುಂದೆ ಹೊಲ ಮಾರುವ ಜಗಳಕ್ಕೆ ಇದೇ ಬೀಜ.

ಏಳನೇ ಅಧ್ಯಾಯ

ಇನ್ನೊಂದು ಪುಸ್ತಕದ ಕುತ್ತು ನಿದ್ದೆಯದಲ್ಲ, ಹಕ್ಕಿನದು. ಅದರ ಏಳನೇ ಅಧ್ಯಾಯದಲ್ಲಿ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಒಂದು ಪವಿತ್ರ ಕಥನವನ್ನು, ಕಳೆದ ಶತಮಾನದ ಮಾನವಶಾಸ್ತ್ರದ ಟಿಪ್ಪಣಿಯಿಂದ ಎತ್ತಿ, 'ಸಾಮೂಹಿಕ ಕನಸು' ಎಂಬಂತೆ ನಲವತ್ತು ಪುಟ ವಿವರಿಸಿದ್ದರು. ಪ್ರಕಾಶನದ ಓದುಗರೊಬ್ಬರು ಅಲ್ಲೇ ತಡೆದರು. ಅಲ್ಲಿನ ಆನಂಗು ಜನ ಜುಕುರ್ಪ (ಇಂಗ್ಲಿಷಿನಲ್ಲಿ 'ಡ್ರೀಮಿಂಗ್') ಎನ್ನುವುದು ರಾತ್ರಿ ಕಾಣುವಂಥದ್ದಲ್ಲ; ನೆಲ, ಕಾನೂನು, ನಂಟಸ್ತಿಕೆ ಎಲ್ಲವನ್ನೂ ಹಿಡಿದಿಟ್ಟ ಕಟ್ಟಳೆ. ಕೆಲವು ಕಥನಗಳು ಹೆಂಗಸರಿಗೆ ಮಾತ್ರ, ಕೆಲವು ದೀಕ್ಷೆಯಾದ ಗಂಡಸರಿಗೆ ಮಾತ್ರ. ಯಾರೋ ಒಬ್ಬ ವಿದ್ವಾಂಸ ಅಂದು ಅಚ್ಚು ಹಾಕಿದ ಎಂಬುದು ಇಂದು ಮರುಮುದ್ರಣಕ್ಕೆ ಅಪ್ಪಣೆಯಾಗದು, ಕೃತಿಸ್ವಾಮ್ಯದ ಅವಧಿ ಮುಗಿದಿದ್ದರೂ.

ಆಸ್ಟ್ರೇಲಿಯಾದ ಕಲಾ ಮಂಡಳಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದಕ್ಕಿದೆ: ಸಂಬಂಧಪಟ್ಟ ಸಮುದಾಯವನ್ನು ಬರೆಯುವ ಮೊದಲು ಕಾಣುವುದು, ಒಪ್ಪಿಗೆ ಪಡೆಯುವುದು, ಗುಟ್ಟಿನದನ್ನು ಗುಟ್ಟಾಗಿಡುವುದು, ಹೆಸರು ಕೊಡುವುದು, ಲಾಭದಲ್ಲಿ ಪಾಲು ಕೊಡುವುದು. ಲೇಖಕಿ ಕ್ರಮ ತಲೆಕೆಳಗಾಗಿ ಮಾಡಿದ್ದರು, ಬರೆದು ಮುಗಿಸಿ ಅಪ್ಪಣೆ ಕೇಳಿದರು. ಉತ್ತರಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹಿರಿಯರು ಸೇರುವ ಹೊತ್ತು ಪ್ರಕಾಶಕರ ಕ್ಯಾಲೆಂಡರಿಗೆ ಹೊಂದಬೇಕೆಂದಿಲ್ಲ. ಇಂಥ ಪುಸ್ತಕಕ್ಕೆ ಕೈ ಹಾಕುವವರು ಈ ಕಾಲವನ್ನೂ ಸಲಹೆಯ ಶುಲ್ಕವನ್ನೂ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಕಥನಕ್ಕೆ 'ಬೇಡ' ಎಂಬ ಉತ್ತರ ಬಂತು. ನೆಲದೊಂದಿಗಿನ ನಂಟಿನ ಬಗ್ಗೆ ಸಮುದಾಯದವರು ಓದಿ ಒಪ್ಪಿದ ಎರಡು ಪುಟ ಉಳಿಯಿತು, ಓದಿದವರಿಗೆ ಸಂಭಾವನೆ ಸಂದಿತು. ಮೂವತ್ತೆಂಟು ಪುಟ ಹೋದದ್ದರಿಂದ ಅಧ್ಯಾಯ ಬಡವಾಯಿತು ಎಂದು ನಮಗನ್ನಿಸುವುದಿಲ್ಲ.

ಭ್ರಮೆ ತರಿಸುವ ಸೈಲೊಸೈಬಿನ್ ಅಣಬೆಯ ಅನುಭವದ ಬಗ್ಗೆಯೂ ಒಂದು ಅಧ್ಯಾಯದ ಯೋಜನೆಯಿತ್ತು. 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಅನುಮತಿ ಪಡೆದ ಮನೋವೈದ್ಯರು ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್ ಅನ್ನು ಬರೆಯಬಹುದು. ಪುಸ್ತಕಕ್ಕಾಗಿ ಅನುಭವ ಬೇಕೆನ್ನುವವರಿಗೆ ಆ ಬಾಗಿಲಿಲ್ಲ. ಕಾನೂನಿನಾಚೆ ಹೋಗುವ ಯೋಚನೆ ಲೇಖಕಿಗಿತ್ತು. ಅಣ್ಣನಿಗೆ ಹಿಂದೆ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಮಾನಸಿಕ ಸ್ಥಿತಿ) ಆಗಿತ್ತೆಂದು ಮನಶ್ಶಾಸ್ತ್ರಜ್ಞರ ಎದುರು ಮಾತಿಗೆ ಮಾತು ಬಂದಾಗ ಹೇಳಿದರು. ರಕ್ತಸಂಬಂಧದಲ್ಲಿ ಸೈಕೋಸಿಸ್ ಇದ್ದವರನ್ನು ಇಂಥ ಚಿಕಿತ್ಸಾ ಪ್ರಯೋಗಗಳಿಗೇ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಯೋಜನೆ ಅಲ್ಲಿಗೆ ನಿಂತಿತು. ಆ ಜಾಗಕ್ಕೆ ಬಂದದ್ದು ನಿದ್ದೆಗೆ ಜಾರುವ ಹೊಸ್ತಿಲಿನ ಅಧ್ಯಾಯ. 2021ರಲ್ಲಿ ಪ್ಯಾರಿಸ್‌ನ ಸಂಶೋಧಕರು ಲೆಕ್ಕದ ಒಗಟು ಕೊಟ್ಟು, ನಿದ್ದೆ ಹತ್ತಿದರೆ ಕೈಜಾರಿ ಬಿದ್ದು ಎಚ್ಚರಿಸಲಿ ಎಂದು ಕೈಯಲ್ಲಿ ಲೋಟ ಹಿಡಿಸಿ ತೂಕಡಿಸಲು ಬಿಟ್ಟಿದ್ದರು. ಆ ಹೊಸ್ತಿಲಲ್ಲಿ ಹದಿನೈದು ಸೆಕೆಂಡ್ ಇದ್ದವರಲ್ಲಿ 83% ಮಂದಿ ಅಡಗಿದ್ದ ಸೂತ್ರ ಕಂಡುಹಿಡಿದರು, ಎಚ್ಚರವಾಗಿದ್ದವರಲ್ಲಿ ಸುಮಾರು 30%, ಅದಕ್ಕಿಂತ ಆಳದ ನಿದ್ದೆಗೆ ಇಳಿದವರಲ್ಲಿ 14%. ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಚಮಚ ಹಿಡಿದು, ಕೆಳಗೆ ತಟ್ಟೆ ಇಟ್ಟು ಮಾಡಬಹುದಾದ ಈ ಅಭ್ಯಾಸ ರಾತ್ರಿಯ ನಿದ್ದೆಗೆ ಕೈ ಹಾಕುವುದಿಲ್ಲ. ಅವಧಿ ಇಪ್ಪತ್ತು ನಿಮಿಷ ಮೀರಬಾರದು, ಮೂರು ಗಂಟೆಯ ನಂತರ ಬೇಡ.

ಒಂದು ವರ್ಷದ ನಂತರ

ಎಪ್‌ವರ್ತ್ ಅಂಕ 14ರಿಂದ 6ಕ್ಕೆ ಇಳಿದಿದೆ. ಗ್ಯಾಲಂಟಮಿನ್ ಮತ್ತೆ ಮುಟ್ಟಿಲ್ಲ. ಯಾವುದಾದರೂ ಮಾತು ಕನಸಿನದೋ ನಡೆದದ್ದೋ ಎಂಬ ಅನುಮಾನ ಬಂದರೆ ಮೇಲ್ ಅಥವಾ ಕರೆಯ ಪಟ್ಟಿ ನೋಡಿಯೇ ಉತ್ತರಿಸುವ ಅಭ್ಯಾಸ ಇಟ್ಟುಕೊಂಡಿದ್ದಾರೆ, ಈಚೆಗೆ ಅದರ ಅಗತ್ಯ ಬಿದ್ದಿಲ್ಲ. ಎರಡೂ ಪುಸ್ತಕ ಗಡುವಿಗಿಂತ ತಡವಾದವು, ಕಾದಂಬರಿ ಐದು ತಿಂಗಳು, ಇನ್ನೊಂದು ಹನ್ನೊಂದು.

3.50ರ ಎಚ್ಚರ ಪೂರ್ತಿ ಹೋಗಿಲ್ಲ. ಅಚ್ಚಿನ ಕರಡು ತಿದ್ದುವ ವಾರಗಳಲ್ಲಿ ಅದು ಮರಳುತ್ತದೆ. ಅದಕ್ಕೆಂದು ಮನಶ್ಶಾಸ್ತ್ರಜ್ಞರು ಬರೆಸಿಟ್ಟ ಒಂದು ಹಾಳೆ ಅಡುಗೆಮನೆಯ ಫ್ರಿಜ್ ಮೇಲಿದೆ: ಸತತ ಮೂರು ರಾತ್ರಿ ಹೀಗಾದರೆ ಶುಕ್ರವಾರದ ಅಲಾರಂ ಎರಡು ವಾರ ಬಂದ್, ಹಾಸಿಗೆಯ ಅವಧಿ ಆರೂವರೆ ಗಂಟೆಗೆ, ವೈನ್ ಇಲ್ಲ. ಎರಡು ವಾರದಲ್ಲಿ ಸರಿಹೋಗದಿದ್ದರೆ ಉಳಿದಿರುವ ಭೇಟಿಗಳಲ್ಲಿ ಒಂದನ್ನು ಬಳಸುವುದು. ಈವರೆಗೆ ಎರಡು ಸಲ ಹಾಳೆಯಂತೆ ನಡೆದುಕೊಂಡಿದ್ದಾರೆ, ಎರಡೂ ಸಲ ಹತ್ತು ದಿನದೊಳಗೆ ನಿದ್ದೆ ಹಳಿಗೆ ಬಂದಿದೆ.